ಶೇಂಗಾ ಲೋಡಿನ ಮೇಲೆ ಬಂದ ಬೀಗರು

ನಮ್ಮಪ್ಪನಿಗೆ ಖಾಲಿ ಲಾರಿ ಕಂಡರೆ ಆಗುತ್ತಿರಲಿಲ್ಲ. ತನ್ನ ಲಾರಿಯೇ ಆಗಬೇಕೆಂದೇನೂ ಇಲ್ಲ. ಯಾರದೇ ಲಾರಿ ಚನ್ನಗಿರಿಯ ಬಸ್ ಸ್ಟ್ಯಾಂಡಿನ ಮುಂದೆ ಖಾಲಿ ಗಡಗಡ ಸದ್ದು ಮಾಡುತ್ತಾ ಹೋದರೂ ಅಂಗಡಿಯ ಬೆಂಚಿನಿಂದ ಎದ್ದು ನಿಂತು, “ನೋಡ್ರಿ, ಗಾಳಿ ಹೇರ್ಕಂಡು ಹೊಂಟಾನೆ. ಗಾಳಿಗೆ ಯಾವನು ಬಾಡಿಗೆ ಕೊಡ್ತಾನೆ?” ಎಂದು ರಸ್ತೆಗೆಲ್ಲ ಕೇಳುವಂತೆ ಬೈಯುತ್ತಿದ್ದ. ಆ ದಿನ ಮನೆಗೆ ಬಂದರೂ ಅದೇ ಸಂಕಟ. ಅವ್ವ ಬಡಿಸಿದ ಮುದ್ದೆ ತಣ್ಣಗಾಗುತ್ತಿತ್ತು. ಇವನು ಆ ಲಾರಿ ಯಾವ ಊರಿಂದ ಏನೇನು ತುಂಬಿಕೊಂಡು ಬರಬಹುದಿತ್ತು ಎಂದು ನಮಗೆ ಹೇಳುತ್ತಾ ಕೂರುತ್ತಿದ್ದ. ನಮಗೇನು ಕಟ್ಟಿಕೊಂಡು ಆಗಬೇಕಿತ್ತು ಹೇಳಿ!

ಇದು ಎಪ್ಪತ್ತರ ದಶಕದ ಮಾತು. ಅಪ್ಪನದು ಲಾರಿ ಬುಕಿಂಗ್ ಅಂಗಡಿ. ಅಂಗಡಿ ಎಂದರೆ ಒಂದು ಮೇಜು, ಒಂದು ಬೆಂಚು, ಗೋಡೆಯ ಮೊಳೆಗೆ ಸಿಕ್ಕಿಸಿದ ಪಂಚಾಂಗ. ಮಾಲು ಕಳಿಸಬೇಕಾದ ವ್ಯಾಪಾರಿಗೂ ಮಾಲು ಹುಡುಕುವ ಲಾರಿಯವನಿಗೂ ಗಂಟು ಹಾಕುವುದು ಅವನ ಕೆಲಸ, ನಡುವೆ ಅವನಿಗೊಂದಿಷ್ಟು ಕಮಿಷನ್ನು. ಜೊತೆಗೆ ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡ ಒಂದು ಸ್ವಂತ ಲಾರಿ ಇತ್ತು. ಆ ಲಾರಿಯನ್ನು ಅವನು ನೋಡಿಕೊಳ್ಳುತ್ತಿದ್ದ ಹಾಗೆ ನನ್ನನ್ನೂ ಅವ್ವನನ್ನೂ ಯಾವತ್ತೂ ನೋಡಿಕೊಂಡವನಲ್ಲ. ಅದರ ಇಂಜಿನ್ನು ಕೆಮ್ಮಿದರೆ ಮೆಕ್ಯಾನಿಕ್ಕನ್ನು ಕರೆತರಲು ದಾವಣಗೆರೆಗೆ ಓಡುತ್ತಿದ್ದ. ನಾನು ಕೆಮ್ಮಿದರೆ “ಒಂದು ಲವಂಗ ಬಾಯಾಗಿಟ್ಕ” ಅನ್ನುತ್ತಿದ್ದ. ಒಬ್ಬಳೇ ಮಗಳು ನಾನು, ಆದರೂ ಮನೆಯಲ್ಲಿ ಹಿರಿಮಗ ಲಾರಿಯೇ.

ಊರಿನ ವ್ಯಾಪಾರಿಗಳು ಅಪ್ಪನ ಬೆಂಚಿಗೆ ಬರುತ್ತಿದ್ದದ್ದು ಲಾರಿಗೆ ಮಾತ್ರ ಅಲ್ಲ, ಭವಿಷ್ಯ ಕೇಳಲಿಕ್ಕೂ. ಮಳೆ ಬರುತ್ತದೋ ಇಲ್ಲವೋ ಎಂದು ರೇಡಿಯೋ ಹೇಳುತ್ತಿತ್ತು. ಸಾಗಣೆ ಬಾಡಿಗೆ ಏರುತ್ತದೋ ಇಳಿಯುತ್ತದೋ ಎಂದು ನಮ್ಮಪ್ಪ ಹೇಳುತ್ತಿದ್ದ. ರೇಡಿಯೋಕ್ಕಿಂತ ಇವನ ಮಾತೇ ಹೆಚ್ಚು ನಿಜವಾಗುತ್ತಿತ್ತು, ಅದರ ಜಂಬ ಬೇರೆ. ಪೇಟೆಯಲ್ಲಿ ಹಳೇ ಗೋಣಿಚೀಲದ ರೇಟು ಏರಿತೆಂದರೆ ಸುಗ್ಗಿ ಜೋರು, ಮುಂದಿನ ತಿಂಗಳು ಲಾರಿಯವರ ಕೈಕಾಲು ಹಿಡಿಯಬೇಕು ಎಂದು ಅವನ ಲೆಕ್ಕ. ಪಂಚಾಂಗದಲ್ಲಿ ಮದುವೆ ಮುಹೂರ್ತ ಜಾಸ್ತಿ ಇದ್ದರೆ ಬಾಡಿಗೆ ಇನ್ನೂ ಮೇಲೆ. ಆಗ ನಮ್ಮ ಕಡೆ ದಿಬ್ಬಣ ಹೋಗುತ್ತಿದ್ದದ್ದು ಲಾರಿಯಲ್ಲೇ, ಭತ್ತ ಹೇರಬೇಕಾದ ಲಾರಿಗಳೆಲ್ಲ ಬೀಗರನ್ನು ಹೇರಿಕೊಂಡು ಓಡುತ್ತಿದ್ದವು. ಆಷಾಢ ಬಂತೆಂದರೆ ಮುಹೂರ್ತವೂ ಇಲ್ಲ, ಮಾಲೂ ಇಲ್ಲ, ಡ್ರೈವರುಗಳು ಲಾರಿಯ ನೆರಳಲ್ಲಿ ಕೂತು ಚೌಕಾಬಾರ ಆಡುತ್ತಿದ್ದರು.

ಒಮ್ಮೆ ಡೀಸೆಲ್ ರೇಟು ಏರಿದಾಗ ಬೆಂಚಿನ ಮೇಲೆ ಕೂತಿದ್ದ ಯಾರೋ, “ಇನ್ನು ಎತ್ತಿನ ಗಾಡಿಯೋರಿಗೆ ಶುಕ್ರದೆಸೆ ಬಿಡ್ರಿ” ಎಂದರು. ಅಪ್ಪ ನಕ್ಕುಬಿಟ್ಟ. “ಎತ್ತಿಗೆ ಮೇವು ಪುಕ್ಕಟೆ ಬರ್ತೈತೇನ್ರಿ? ಇನ್ನು ಸ್ವಲ್ಪ ವರ್ಷ ತಡೀರಿ. ಈ ದೇಶದಾಗೆ ಉಪ್ಪಿನ ಮೂಟೆಯಿಂದ ಹಿಡಿದು ಮದುವೆ ಹೆಣ್ಣಿನ ತನಕ ಎಲ್ಲಾ ಲಾರಿ ಮ್ಯಾಲೇ ಬರೋದು. ರೈಲು ನಿಮ್ಮನೆ ಬಾಗ್ಲಿಗೆ ಬರ್ತೈತಾ? ಲಾರಿ ಬರ್ತೈತೆ.” ಎಂಬತ್ತರ ದಶಕದಲ್ಲಿ ಅವನು ಹೇಳಿದ ಹಾಗೇ ಆಯಿತು. ಹತ್ತಾರು ರಾಜ್ಯಕ್ಕೆ ಪರ್ಮಿಟ್ಟು ಇದ್ದ ದೊಡ್ಡ ಲಾರಿಗಳು ನಮ್ಮ ಅಡಿಕೆ ಹೇರಿಕೊಂಡು ಉತ್ತರ ದೇಶಕ್ಕೆ ಓಡಿದವು. ದಿಬ್ಬಣಕ್ಕೆ ಮಾತ್ರ ಬಸ್ಸು ಬಂತು, ಅದೊಂದನ್ನು ಅವನು ಊಹಿಸಿರಲಿಲ್ಲ. ಊಹಿಸಿದ್ದರೆ ನನ್ನ ಮದುವೆಯನ್ನು ಒಂದೆರಡು ವರ್ಷ ಮುಂದೆ ಹಾಕುತ್ತಿದ್ದನೇನೋ, ಎಷ್ಟೋ ಫಜೀತಿ ತಪ್ಪುತ್ತಿತ್ತು.

ಅವನ ವ್ಯಾಪಾರದ ಮೂಲಮಂತ್ರ ಒಂದೇ: ರಿಟರ್ನ್ ಲೋಡು. ಹೋಗುವಾಗ ಎಲ್ಲರೂ ತುಂಬಿಕೊಂಡೇ ಹೋಗುತ್ತಾರೆ, ಬರುವಾಗ ತುಂಬಿಕೊಂಡು ಬರುವವನೇ ಬುದ್ಧಿವಂತ. “ಹೋಗೋ ಲೋಡಿನಾಗೆ ಡೀಸೆಲ್ ಹುಟ್ತೈತೆ, ಬರೋ ಲೋಡಿನಾಗೆ ಅನ್ನ ಹುಟ್ತೈತೆ” ಎಂದು ದಿನಕ್ಕೊಂದು ಸಲವಾದರೂ ಹೇಳುತ್ತಿದ್ದ. ಹೇಳಲಿ, ಅವನ ಲಾರಿ ಅವನ ಬಾಯಿ. ಆದರೆ ನನಗೆ ಗಂಡು ಹುಡುಕುವಾಗಲೂ ಇದೇ ಮಂತ್ರ ಹಿಡಿದನಲ್ಲ, ಅದಕ್ಕೇನು ಹೇಳೋಣ?

ಮೊದಲು ಹೊನ್ನಾಳಿಯಿಂದ ಸಂಬಂಧ ಬಂತು. ಒಳ್ಳೆಯ ಮನೆತನ, ಹೊಳೆ ದಂಡೆಯಲ್ಲಿ ಗದ್ದೆ, ಹುಡುಗ ಹೈಸ್ಕೂಲಿನ ಮೇಷ್ಟ್ರು. ಅವ್ವ ಆಗಲೇ ಮನಸ್ಸಿನಲ್ಲಿ ನನ್ನ ಕಾಲಿಗೆ ಕಾಲುಂಗುರ ಹಾಕಿ ಆಗಿತ್ತು. ಅಪ್ಪ ತಲೆ ಕೊಡವಿದ.

“ಅಲ್ಲೂ ಭತ್ತ, ಇಲ್ಲೂ ಭತ್ತ. ಭತ್ತದೂರಿಂದ ಭತ್ತದೂರಿಗೆ ಏನು ಹೇರ್ತೀಯ?”

“ನಾವು ಮಗಳನ್ನ ಕೊಡ್ತಿದೀವೋ, ಭತ್ತ ಮಾರ್ತಿದೀವೋ?” ಎಂದಳು ಅವ್ವ.

“ನಾಳೆ ಮಗಳನ್ನ ನೋಡಾಕೆ ಹೋಗ್ಬೇಕಲ್ಲೇ? ಲಾರಿ ಹೋದಮ್ಯಾಲೆ ಬರುವಾಗ ಏನಾದ್ರು ತರಬೇಕೋ ಬ್ಯಾಡೋ?”

ಆಮೇಲೆ ನ್ಯಾಮತಿಯಿಂದ ಇನ್ನೊಂದು ಬಂತು. ಅವರದು ಅಡಿಕೆ ವ್ಯಾಪಾರ. ಅಡಿಕೆಯ ಊರಿಗೆ ಅಡಿಕೆಯ ಊರಿಂದ ಹೆಣ್ಣು ಕೊಡುವುದು ನಮ್ಮಪ್ಪನ ಪಾಲಿಗೆ ಅಪ್ಪಟ ನಷ್ಟದ ಬಾಬತ್ತು, ಎರಡು ಕಡೆಯೂ ಲಾರಿ ಖಾಲಿ. ಅದನ್ನೂ ಬಿಟ್ಟ. ಆ ಹುಡುಗನಿಗೆ ಕೊನೆಗೆ ನನ್ನ ಗೆಳತಿಯನ್ನೇ ಕೊಟ್ಟರು. “ನಿಮ್ಮಪ್ಪನ ಪುಣ್ಯ ಕಣೇ” ಎಂದು ಅವಳು ಮೊನ್ನೆ ಮೊನ್ನೆಯವರೆಗೂ ನನ್ನನ್ನು ಚುಡಾಯಿಸುತ್ತಿದ್ದಳು.

ಮೂರನೆಯದು ಜಗಳೂರಿನದು. ಹೆಸರು ಕೇಳಿದ್ದೇ ಅವ್ವ ಸೆರಗು ಬಾಯಿಗೆ ಹಿಡಿದಳು. ಒಣ ಸೀಮೆ, ನೀರು ಸೇದಿ ಸೇದಿ ಮಗಳ ಅಂಗೈಗೆ ಬೊಬ್ಬೆ ಬರುತ್ತದೆ ಎಂದಳು. ಅಪ್ಪನ ಮುಖ ಮಾತ್ರ ಹಬ್ಬದ ಮನೆಯ ಹಾಗೆ ಬೆಳಗಿತು. ಹುಡುಗನ ಅಪ್ಪನಿಗೆ ಅಲ್ಲೇ ಹತ್ತಿರದ ಸೊಕ್ಕೆ ಎಂಬ ಊರಿನ ಕಡೆ ಶೇಂಗಾ ಬೆಳೆಯುವ ಹೊಲ, ಜಗಳೂರಿನಲ್ಲಿ ಬೀಜ-ಗೊಬ್ಬರದ ಅಂಗಡಿ. “ಅವರತ್ರ ಶೇಂಗಾ ಐತೆ, ಅಕ್ಕಿ ಇಲ್ಲ. ನಮ್ಮತ್ರ ಅಕ್ಕಿ ಐತೆ, ಶೇಂಗಾ ಇಲ್ಲ. ಇಲ್ಲದ ಕಡೆಗೆ ಇರೋದನ್ನ ಒಯ್ಯೋದೇ ಕಣೇ ಬಾಡಿಗೆ ಅಂದ್ರೆ. ಇಂಥ ಸಂಬಂಧ ಹುಡುಕಿದ್ರೂ ಸಿಗಲ್ಲ” ಎಂದ. ಅಲ್ಲಿಗೆ ನನ್ನ ಜಾತಕ ಕೂಡಿತು.

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಎಸ್ಸೆಸ್ಸೆಲ್ಸಿ ಪಾಸಾದವಳು ನಾನು, ಅಕ್ಕಿ ಮೂಟೆಯ ಜೊತೆ ನನ್ನನ್ನೂ ಹೇರಿ ಕಳಿಸುತ್ತಿದ್ದಾನೆ ಎಂದು ಗೆಳತಿಯರ ಮುಂದೆ ಅತ್ತೂ ಇದ್ದೆ. ಆದರೆ ಹುಡುಗ ನೋಡಲು ಬಂದಾಗ ಒಂದು ಎಡವಟ್ಟಾಯಿತು. ಉದ್ದಕ್ಕೆ ಗಳುವಿನ ಹಾಗಿದ್ದ ಆ ಹುಡುಗ ನಾನು ಕೊಟ್ಟ ಉಪ್ಪಿಟ್ಟನ್ನು ಒಂದು ಕಾಳೂ ಬಿಡದೆ ತಿಂದು, ದೊಡ್ಡವರೆಲ್ಲ ನೋಡುತ್ತಿರುವಾಗಲೇ, “ಇನ್ನೊಂದೀಟು ಐತೇನ್ರಿ?” ಎಂದು ನನ್ನನ್ನೇ ಕೇಳಿದ. ಅವನ ಅಪ್ಪ ಗುರ್ ಎಂದರು. ಹೆಣ್ಣು ನೋಡಲು ಬಂದವರು ಎರಡು ತುತ್ತು ತಿಂದು ತಟ್ಟೆ ಸರಿಸುವುದು ಪದ್ಧತಿ, ಇವನಿಗೆ ಆ ಬಿಂಕವೇ ಇರಲಿಲ್ಲ. ನನಗೆ ಅಲ್ಲೇ ಹಿಡಿಸಿಬಿಟ್ಟ. ಹಿಡಿಸಿದ್ದನ್ನು ಯಾರಿಗೂ ಹೇಳಲಿಲ್ಲ, ಹೇಳಿದ್ದರೆ ಅದೂ ತನ್ನ ರಿಟರ್ನ್ ಲೋಡಿನ ಮಹಿಮೆ ಎಂದು ಅಪ್ಪ ಬೆಂಚಿನ ಮೇಲೆ ಕೂತು ಊರಿಗೆಲ್ಲ ಸಾರುತ್ತಿದ್ದ.

ಮದುವೆ ಕಾರ್ತಿಕದಲ್ಲಿ ಎಂದು ನಿಕ್ಕಿಯಾಯಿತು, ನಮ್ಮ ಮನೆಯಲ್ಲೇ. ಬೀಗರನ್ನು ಹಿಂದಿನ ದಿನ ನಮ್ಮ ಲಾರಿಯಲ್ಲೇ ಕರೆತರುವುದೆಂದು ಮಾತಾಯಿತು. ಆ ವರ್ಷ ಗೋಣಿಚೀಲದ ರೇಟು ಏರಿತ್ತು, ಪಂಚಾಂಗದ ತುಂಬ ಮುಹೂರ್ತ, ಹೊಲದಿಂದ ಶೇಂಗಾ ಕಿತ್ತು ಒಣಗಿಸಿ ಆಗಿತ್ತು. ಬಾಡಿಗೆ ಆಕಾಶಕ್ಕೆ ಹೋಗುತ್ತದೆ ಎಂದು ಅಪ್ಪನೇ ಹೇಳಿದ್ದ, ಹೋಗಿಯೂ ಇತ್ತು. ಅಂಥ ಹೊತ್ತಿನಲ್ಲಿ ತನ್ನ ಲಾರಿ ಬರೀ ಬೀಗರನ್ನು ಕೂರಿಸಿಕೊಂಡು ಪುಕ್ಕಟೆ ಬರುವುದೆಂದರೆ! ಅವನಿಗೆ ಅನ್ನ ಸೇರಲಿಲ್ಲ. ಮದುವೆಗೆ ಮೊದಲ ವಾರವೆಲ್ಲ ಚಪ್ಪರದ ಕಂಬ ಹಿಡಿದು ಯೋಚಿಸುತ್ತಾ ನಿಂತಿರುತ್ತಿದ್ದ. ಮಗಳನ್ನು ಕಳಿಸುವ ದುಃಖ ಎಂದು ಬಂದವರೆಲ್ಲ ಸಮಾಧಾನ ಮಾಡಿ ಹೋಗುತ್ತಿದ್ದರು.

ಕೊನೆಗೆ ಅವನಿಗೆ ಹೊಳೆದದ್ದು ಇದು. ಹುಡುಗನ ಅಪ್ಪ ತಮ್ಮ ಶೇಂಗಾವನ್ನು ಚನ್ನಗಿರಿಯ ಎಣ್ಣೆ ಮಿಲ್ಲಿನ ಸಾವ್ಕಾರರಿಗೆ ಮಾರಿದ್ದರು. ಆ ವ್ಯಾಪಾರ ಕುದುರಿಸಿದವನೂ ನಮ್ಮಪ್ಪನೇ. ತೂಕವಾಗಿ, ಚೀಲದ ಬಾಯಿ ಹೊಲಿದು, ಮಾಲು ಜಗಳೂರಿನಲ್ಲಿ ಲಾರಿಗೆ ಕಾದು ಕೂತಿತ್ತು. ಹೇಗೂ ಅಲ್ಲಿಗೆ ಅಕ್ಕಿ ಹೇರಿಕೊಂಡು ಹೋಗುವ ಲಾರಿ. ಕೆಳಗೆ ಶೇಂಗಾ, ಮೇಲೆ ಬೀಗರು. ಡ್ರೈವರಿಗೆ ಮೆಲ್ಲಗೆ ಹಾಗೆಂದು ಹೇಳುತ್ತಿದ್ದದ್ದು ಅವ್ವನ ಕಿವಿಗೆ ಬಿತ್ತು.

“ಬೀಗರನ್ನ ಮೂಟೆ ಮ್ಯಾಲೆ ಕೂರಿಸ್ಕಂಡು ಬರ್ತಾರೇನ್ರಿ? ಜನ ಬಾಯಿಗೆ ಬಂದಂಗೆ ಮಾತಾಡಲ್ವಾ?”

“ಖಾಲಿ ಲಾರಿ ಎತ್ತಿ ಎತ್ತಿ ಹಾಕ್ತೈತೆ ಕಣೇ, ಮುದುಕ್ರು ಸೊಂಟ ಮುರ್ಕಂತಾರೆ. ಲೋಡಿನ ಮ್ಯಾಲೆ ಜಮಖಾನ ಹಾಸಿದ್ರೆ ರೈಲಿನ ಫಸ್ಟ್ ಕ್ಲಾಸ್ ಇದ್ದಂಗೆ ಇರ್ತೈತೆ.”

ಲಾರಿಯವರನ್ನು ಕೇಳಿ ನೋಡಿ, ತುಂಬಿದ ಲಾರಿ ಕುಲುಕುವುದು ಕಡಿಮೆ. ನಮ್ಮಪ್ಪನ ಕಷ್ಟ ಏನೆಂದರೆ ಅವನ ಮಾತು ಯಾವಾಗಲೂ ಮುಕ್ಕಾಲು ನಿಜ ಇರುತ್ತಿತ್ತು.

ಜಗಳೂರಿನಲ್ಲಿ ಏನಾಯಿತು ಎನ್ನುವುದನ್ನು ಆಮೇಲೆ ನನ್ನ ಗಂಡನೇ ಹೇಳಿದ್ದು. ಅವರ ಕಡೆಯ ಜನ ಬೆಳಿಗ್ಗೆ ಎದ್ದವರು ಏನೂ ತಿಂದಿರಲಿಲ್ಲ, ಬೇಕಂತಲೇ. ಅಡಿಕೆ ಸೀಮೆಯ ಬೀಗರ ಮನೆ ಊಟ, ಹೋಳಿಗೆ ತುಪ್ಪ ಕಾದಿರುತ್ತದೆ, ಹೊಟ್ಟೆ ಖಾಲಿ ಇಟ್ಟುಕೊಂಡು ಹೋಗೋಣ ಎಂದು ಹಿರಿಯರು ತೀರ್ಮಾನ ಮಾಡಿದ್ದರಂತೆ. ಮೂಟೆ ಹೇರುವುದಕ್ಕೇ ಬಿಸಿಲೇರಿತು. ಹೊರಟು ದಾವಣಗೆರೆ ದಾಟುವ ಹೊತ್ತಿಗೆ, ಭಾರ ಹೆಚ್ಚಾಗಿ, ಹಿಂದಿನ ಟೈರು ಢಂ ಎಂದಿತು. ಸ್ಟೆಪ್ನಿಯೂ ಪಂಕ್ಚರು. ಡ್ರೈವರು ಟೈರು ಉರುಳಿಸಿಕೊಂಡು ವಾಪಸ್ ದಾವಣಗೆರೆಗೆ ಹೋದ. ನಡುದಾರಿಯಲ್ಲಿ, ಉರಿಬಿಸಿಲಲ್ಲಿ, ಹಸಿದ ಒಂದು ದಿಬ್ಬಣ. ಅದರ ಕೆಳಗೆ ಒಂದು ಲಾರಿ ಶೇಂಗಾ.

ಮೊದಲು ಮಕ್ಕಳು ಅತ್ತವು. ಮಕ್ಕಳಿಗೆಂದು ಹುಡುಗನ ಸೋದರತ್ತೆ ಒಂದು ಚೀಲದ ಮೂಲೆಯ ಹೊಲಿಗೆಯನ್ನು ಒಂದೇ ಒಂದು ಬೆರಳು ಹೋಗುವಷ್ಟು ಬಿಚ್ಚಿದಳು. ಆಮೇಲೆ ಯಾರು ಎಷ್ಟು ಬಿಚ್ಚಿದರು ಎಂದು ದೇವರಿಗೇ ಗೊತ್ತು. ಬರೀ ಶೇಂಗಾ ತಿಂದರೆ ಪಿತ್ತ ಎಂದು ಯಾರೋ ಹಿರಿಯರು ಹೇಳಿದ್ದಕ್ಕೆ, ನಮ್ಮ ಮನೆಗೆ ಕಾಣಿಕೆ ತರುತ್ತಿದ್ದ ಬೆಲ್ಲದಚ್ಚುಗಳನ್ನೂ ಜಾಕಿಗೆ ಕುಟ್ಟಿ ಒಡೆದರಂತೆ. ಟೈರು ರಿಪೇರಿಯಾಗಿ ಬರುವ ಹೊತ್ತಿಗೆ ಲಾರಿಯ ಸುತ್ತ ಸಿಪ್ಪೆಯ ರಾಶಿ. ಸೋದರತ್ತೆ ದಾರ ಹುಡುಕಿ ಚೀಲಗಳನ್ನು ಮತ್ತೆ ಹೊಲಿದಳು.

ನಮ್ಮ ಮನೆಯ ಮುಂದೆ ಲಾರಿ ನಿಂತದ್ದು ಮಧ್ಯಾಹ್ನ ಕಳೆದ ಮೇಲೆ. ವಾಲಗದವರು ಊದಿ ಊದಿ ದಣಿದಿದ್ದರು. ಇಳಿದ ಬೀಗರ ಮುಖ ನೋಡಿದರೆ ಒಬ್ಬರಲ್ಲೂ ಕಳೆ ಇಲ್ಲ. ಹೆಂಗಸರು ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ನಿಂತಿದ್ದರು. ಹುಡುಗನ ಅಪ್ಪ ಅಂತೂ ನಮ್ಮಪ್ಪನ ಕಣ್ಣು ತಪ್ಪಿಸಿ ನೆಲ ನೋಡುತ್ತಿದ್ದರು. ಕಾಲಿಗೆ ನೀರು ಕೊಟ್ಟು, ಎದುರುಗೊಂಡು, ನೇರ ಊಟಕ್ಕೆ ಕೂರಿಸಿದೆವು. ಬಾಳೆ ಎಲೆಯ ತುಂಬ ಹೋಳಿಗೆ, ಅದರ ಮೇಲೆ ಹರಿಯುವ ಹಾಗೆ ತುಪ್ಪ. ನಾನು ಅಡಿಗೆ ಮನೆಯ ಕಿಟಕಿಯಲ್ಲಿ ಕಣ್ಣಿಟ್ಟು ನಿಂತಿದ್ದೆ, ಆ ಹುಡುಗ ಎಷ್ಟು ಹೋಳಿಗೆ ತಿನ್ನುತ್ತಾನೆ ನೋಡೋಣ ಎಂದು.

ಅವನು ಹೋಳಿಗೆಯ ಅಂಚು ಮುರಿದು ಬಾಯಿಗಿಟ್ಟು, ಉಳಿದದ್ದನ್ನು ಬದಿಗೆ ಸರಿಸಿದ. ಅವನ ಪಕ್ಕದವರೂ ಸರಿಸಿದರು. ಇಡೀ ಪಂಕ್ತಿ ಸರಿಸಿತು. “ಸಾಕ್ರಿ, ಸಾಕ್ರಿ” ಎಂದು ಎಲೆಗೆ ಕೈ ಅಡ್ಡ ಹಿಡಿದು, ಬಡಿಸಿದ್ದು ಬಡಿಸಿದ ಹಾಗೇ ಬಿಟ್ಟು ಎಲ್ಲರೂ ಎದ್ದುಬಿಟ್ಟರು.

ನಮ್ಮ ಕಡೆ ಬೀಗರು ಉಣ್ಣದೆ ಎದ್ದರೆ ಅದಕ್ಕೆ ಅರ್ಥ ಒಂದೇ. ಎಲ್ಲೋ ಮರ್ಯಾದೆ ಕಡಿಮೆಯಾಗಿದೆ, ಅದನ್ನು ಸರಿ ಮಾಡುವ ತನಕ ತಾಳಿ ಕಟ್ಟುವ ಮಾತಿಲ್ಲ. ಬಾಯಿ ಬಿಟ್ಟು ಕೇಳುವುದು ಗೌರವವಲ್ಲವಾದ್ದರಿಂದ ಎಲೆ ಬಿಟ್ಟು ಎದ್ದು ತೋರಿಸುತ್ತಾರೆ. ಹೀಗೆ ಎದ್ದುಹೋದ ಗಂಡಿನ ಕಡೆಯವರು ಚಪ್ಪರದಿಂದಲೇ ಊರಿಗೆ ವಾಪಸಾದದ್ದನ್ನು ನಾವು ಕಂಡವರೇ.

“ಮೂಟೆ ಮ್ಯಾಲೆ ಕೂರಿಸಿದ್ರಲ್ಲ, ಉಣ್ರಿ ಈಗ” ಎಂದು ಅವ್ವ ಗೋಡೆಗೆ ಒರಗಿ ಕೂತುಬಿಟ್ಟಳು. ಅಪ್ಪ ಎಲೆಗಳ ನಡುವೆ ನಿಂತು ಹಾಗೇ ಉಳಿದ ಹೋಳಿಗೆಗಳನ್ನು ಒಂದೊಂದಾಗಿ ನೋಡುತ್ತಿದ್ದ. ನನಗೋ ಒಳಗೇ ಹೊತ್ತಿ ಉರಿಯುತ್ತಿತ್ತು. ಒಂದು ಲೋಡಿನ ಆಸೆಗೆ ನನ್ನ ಮದುವೆ ಮುರಿಯುತ್ತಾನೆ, ಅದೂ ನನಗೆ ಹಿಡಿಸಿದ ಹುಡುಗನ ಜೊತೆಗಿನ ಮದುವೆ! ಆ ಹೊತ್ತಿಗೆ ಕೈಗೆ ಸಿಕ್ಕಿದ್ದರೆ ಆ ಲಾರಿಯ ಅಷ್ಟೂ ಟೈರಿಗೆ ನಾನೇ ಮೊಳೆ ಹೊಡೆಯುತ್ತಿದ್ದೆ.

ಬೀಗರ ಬಿಡಾರ ಪಕ್ಕದ ಶಾಲೆಯಲ್ಲಿತ್ತು. ಅಪ್ಪ ಸಂಧಾನಕ್ಕೆ ಊರಿನ ದೊಡ್ಡ ಮನುಷ್ಯರನ್ನು ಕಳಿಸಿದ. ದೊಡ್ಡ ಮನುಷ್ಯ ಯಾರು? ಎಣ್ಣೆ ಮಿಲ್ಲಿನ ಸಾವ್ಕಾರರು. ಯಾರ ಶೇಂಗಾ ತಿಂದಿದ್ದರೋ ಅವರೇ ಎದುರಿಗೆ ಬಂದು ನಿಂತರೆ ಆ ಮನುಷ್ಯನ ಗತಿ ಏನಾಗಬೇಡ? ಹುಡುಗನ ಅಪ್ಪ ಬೆವರಿ ಹೋದರಂತೆ. ಮಾರಿ, ತೂಗಿ, ಹೊಲಿದ ಮೇಲೆ ಮಾಲು ಕೊಂಡವನದು, ಅದಕ್ಕೆ ಕೈ ಹಾಕಿದ ರೈತನಿಗೆ ಪೇಟೆಯಲ್ಲಿ ಮುಖವಿಲ್ಲ. ಸಾವ್ಕಾರರು ಪಾಪ ನಯವಾಗಿ, “ನಿಮಗೊಂದು ಪಟ್ಟೆ ರುಮಾಲು ಕೊಡಬೇಕಂತ ನಿಮ್ಮ ಬೀಗರು ಅಂದ್ಕಂಡಾರೆ” ಎಂದರು. ಇವರು ಕೈ ಮುಗಿದು, “ಬ್ಯಾಡ್ರಿ ಸಾವ್ಕಾರ್ರೇ, ನಾವು ಅದಕ್ಕೆ ಯೋಗ್ಯರಲ್ಲ” ಎಂದರು.

ಈ “ಬ್ಯಾಡ” ಅಪ್ಪನ ಕಿವಿಗೆ ಬಿದ್ದದ್ದೇ ತಡ, ಅವನೊಳಗಿನ ಬುಕಿಂಗ್ ಏಜೆಂಟ್ ಎದ್ದು ಕೂತ. ಬಾಡಿಗೆ ಮಾತಾಡುವಾಗ ಲಾರಿಯವನು “ಬ್ಯಾಡ ಬಿಡ್ರಿ” ಎಂದರೆ ಬೇಡ ಎಂದಲ್ಲ, ರೇಟು ಏರಿಸು ಎಂದು ಅರ್ಥ. ಅಷ್ಟು ವರ್ಷ ಅದೇ ಭಾಷೆಯಲ್ಲಿ ಅನ್ನ ತಿಂದವನು ನಮ್ಮಪ್ಪ. ರುಮಾಲಿನ ಮೇಲೆ ಹುಡುಗನಿಗೊಂದು ಕೈಗಡಿಯಾರ ಸೇರಿಸಿ ಕಳಿಸಿದ. “ಬ್ಯಾಡ್ರಿ, ದಯವಿಟ್ಟು ಬ್ಯಾಡ್ರಿ.” ರೇಡಿಯೋ ಸೇರಿಸಿದ. ಆ ಕಡೆಯಿಂದ ಹುಡುಗನ ಅಪ್ಪ ಕಣ್ಣಲ್ಲಿ ನೀರು ತುಂಬಿಕೊಂಡು, “ನನ್ನ ಮ್ಯಾಲೆ ಇನ್ನು ಹೊರಿಸಬ್ಯಾಡ್ರಿ ಸಾವ್ಕಾರ್ರೇ, ಕೈ ಮುಗಿತೀನಿ” ಎಂದರು. ಅದನ್ನು ಕೇಳಿ ಸಾವ್ಕಾರರೂ ಗಾಬರಿಯಾಗಿ ಬಂದು, “ಭಾರೀ ಗಟ್ಟಿ ಆಸಾಮಿ ಕಣಯ್ಯ, ಎಲ್ಲಿಗೆ ನಿಲ್ತಾನೋ ಗೊತ್ತಾಗಲ್ಲ” ಎಂದು ಅಪ್ಪನಿಗೆ ವರದಿ ಒಪ್ಪಿಸಿದರು. ಒಬ್ಬರು ಕೊಡುತ್ತಾ ಹೋದ ಹಾಗೆ ಇನ್ನೊಬ್ಬರು ಕುಗ್ಗುತ್ತಾ ಹೋದರು, ಇಬ್ಬರಿಗೂ ಏನು ನಡೆಯುತ್ತಿದೆ ಎಂದು ಗೊತ್ತಿಲ್ಲ.

ಸಂಜೆ ಬಿಸಿಲು ಇರುವಾಗಲೇ ಅರಿಶಿನ ಹಚ್ಚುವ ಶಾಸ್ತ್ರ. ಅದನ್ನು ಬಿಡುವ ಹಾಗಿಲ್ಲ, ಐನೋರು ಹೊತ್ತು ಮೀರುತ್ತದೆ ಎಂದು ಅವಸರ ಮಾಡಿದರು. ಚಪ್ಪರದಲ್ಲಿ ಹಸೆಮಣೆ ಹಾಕಿ ಇಬ್ಬರನ್ನೂ ಜೋಡಿ ಕೂರಿಸಿದರು. ಒಂದು ಕಡೆ ನಮ್ಮವರು, ಒಂದು ಕಡೆ ಅವರವರು. ಹೆಂಗಸರು ಹಾಡು ಮರೆತು ಬರೀ ಅರಿಶಿನ ಬಳಿಯುತ್ತಿದ್ದರು. ಆಗ ಅಪ್ಪ ಗುಂಪಿನ ನಡುವಿನಿಂದ ಬಂದ. ಹೆಗಲ ಮೇಲಿನ ವಲ್ಲಿ ಬಟ್ಟೆಯನ್ನು ಬೇಡಲು ಬಂದವನ ಹಾಗೆ ಸೊಂಟಕ್ಕೆ ಕಟ್ಟಿಕೊಂಡಿದ್ದ. ಅವನ ಕೈಯಲ್ಲಿ ಏನೋ ಇತ್ತು, ನನಗೆ ಕಾಣಲಿಲ್ಲ.

ನಾನು ತಲೆ ಎತ್ತದೆ ಪಕ್ಕದವನಿಗೆ ಮೆಲ್ಲಗೆ ಕೇಳಿದೆ, “ಯಾಕೆ ಉಣ್ಲಿಲ್ಲ? ನಾವೇನು ತಪ್ಪು ಮಾಡಿದ್ವಿ?”

ಅವನು ಬಾಯಿ ತೆರೆದ. ಮೊದಲು ಬಂದದ್ದು ಮಾತಲ್ಲ, ತೇಗು. ಅದನ್ನು ಅಂಗೈಯಲ್ಲಿ ಮುಚ್ಚಿಕೊಂಡು ಒಂದೇ ಮಾತು ಹೇಳಿದ. ನನ್ನ ಗಂಡ ನನ್ನ ಕಿವಿಯಲ್ಲಿ ಪಿಸುಗುಟ್ಟಿದ ಮೊದಲ ಮಾತು, “ಶೇಂಗಾ.”

“ಏನು?”

“ಶೇಂಗಾ ತಿಂದೀವಿ. ಎಲ್ಲಾರೂ. ಹೊಟ್ಟೆ ಕಲ್ಲಾಗೈತೆ. ಯಾರಿಗೂ ಹೇಳಬ್ಯಾಡ, ಸಾವ್ಕಾರ್ರ ಮಾಲು ಅದು, ನಮ್ಮಪ್ಪನ ಮಾನ ಹೋಗ್ತೈತೆ.”

ನನಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಅಷ್ಟರಲ್ಲಿ ಅಪ್ಪ ಹುಡುಗನ ಅಪ್ಪನ ಮುಂದೆ ನಿಂತು, ಎರಡೂ ಕೈಯಲ್ಲಿ ಹಿಡಿದದ್ದನ್ನು ಮುಂದೆ ಚಾಚಿದ. ಲಾರಿಯ ಕೀಲಿ.

“ಬೀಗರೇ, ಇದು ಲಾರಿ ಕೀಲಿ. ಇದರ ಮ್ಯಾಲೆ ನನ್ನತ್ರ ಇನ್ನೇನೂ ಇಲ್ಲ. ತಗಳ್ರಿ. ಬಂದು ಉಣ್ರಿ. ನನ್ನ ಮಗಳ ಮದುವೆ ನಿಲ್ಲಿಸಬ್ಯಾಡ್ರಿ.”

ಹುಡುಗನ ಅಪ್ಪ ಆ ಕೀಲಿಯನ್ನು ಹಾವು ನೋಡಿದ ಹಾಗೆ ನೋಡುತ್ತಾ ಒಂದು ಹೆಜ್ಜೆ ಹಿಂದೆ ಸರಿದು, ಎಂದಿನಂತೆ, “ಬ್ಯಾ…” ಎಂದರು. ಇನ್ನೂ ಏರಿಸಬೇಕು ಎಂದುಕೊಂಡ ಅಪ್ಪ ಅಂಗಡಿಯ ಕಡೆಗೆ, ಮನೆಯ ಕಡೆಗೆ ತಿರುಗಿ ನೋಡಿದ. ಹೆಂಚು, ಗೋಡೆ, ಅವ್ವ, ಇನ್ನೇನು ಉಳಿದಿತ್ತು ಕೊಡಲಿಕ್ಕೆ?

ನಾನು ಹಸೆಮಣೆಯ ಮೇಲೆ ಎದ್ದು ನಿಂತೆ. ಮದುವಣಗಿತ್ತಿ ತಲೆ ಎತ್ತಬಾರದು, ಎದ್ದು ನಿಲ್ಲಬಾರದು, ಗಂಡಸರ ನಡುವೆ ಬಾಯಿ ಹಾಕಬಾರದು. ಮೂರನ್ನೂ ಒಂದೇ ಉಸಿರಿಗೆ ಮಾಡಿದೆ.

“ಅಪ್ಪಾ, ಕೀಲಿ ಇಟ್ಕ! ಅವರಿಗೆ ಸಿಟ್ಟು ಬಂದಿಲ್ಲ, ಹೊಟ್ಟೆ ತುಂಬೈತೆ!”

ಹುಡುಗನ ಅಪ್ಪನ ಮುಖ ಸುಣ್ಣವಾಯಿತು. ಆದರೆ ದೊಡ್ಡ ಮನುಷ್ಯರು ಅವರು, ಅದನ್ನು ನಾನು ಇವತ್ತಿಗೂ ಹೇಳುತ್ತೇನೆ. ಮಗನ ಕಡೆಗೋ ನನ್ನ ಕಡೆಗೋ ಬೆರಳು ತೋರಿಸಲಿಲ್ಲ. ನೇರ ಮಿಲ್ಲಿನ ಸಾವ್ಕಾರರ ಮುಂದೆ ಹೋಗಿ, ತಲೆಯ ರುಮಾಲು ತೆಗೆದು ಕೈಯಲ್ಲಿ ಹಿಡಿದು, “ಸಾವ್ಕಾರ್ರೇ, ಮಾರಿದ ಮಾಲಿಗೆ ಕೈ ಹಾಕಿದೀವಿ. ದಾರಿಯಾಗೆ ಹಸಿವು ತಡಿಲಿಲ್ಲ. ನಾನೂ ತಿಂದೀನಿ” ಎಂದರು.

ಸಾವ್ಕಾರರು ಅವರನ್ನು ನೋಡಿದರು, ಲಾರಿ ನೋಡಿದರು, ಹೊಟ್ಟೆ ಹಿಡಿದುಕೊಂಡು ನಿಂತಿದ್ದ ಇಡೀ ದಿಬ್ಬಣ ನೋಡಿದರು. ಅವರ ಹೊಟ್ಟೆ ಮೊದಲು ಕುಲುಕಿತು, ಆಮೇಲೆ ನಗು ಬಂತು. “ಶೇಂಗಾ ಮೂಟೆ ಮ್ಯಾಲೆ ಜಗಳೂರೋರನ್ನ ಹಸಿದು ಕೂರಿಸಿದ್ರೆ ಇನ್ನೇನಾಗ್ತೈತ್ರಿ! ತಲಿಗೆ ರುಮಾಲು ಹಾಕ್ಕಳ್ರಿ ಮೊದ್ಲು. ತಿಂದಿದ್ದೆಲ್ಲ ನನ್ನ ಮುಯ್ಯಿ ಅಂತ ಬರ್ಕಳ್ರಿ.” ಮದುವೆಗೆ ಬಂದವರು ಕೊಡುವ ಉಡುಗೊರೆಗೆ ನಮ್ಮಲ್ಲಿ ಮುಯ್ಯಿ ಅನ್ನುತ್ತೇವೆ. ಬಂಗಾರ ಬಂದಿದೆ, ಪಾತ್ರೆ ಬಂದಿದೆ, ತಿಂದು ಮುಗಿಸಿದ ಶೇಂಗಾ ಮುಯ್ಯಿಯಾಗಿ ಬಂದದ್ದು ನನಗೊಬ್ಬಳಿಗೇ ಇರಬೇಕು.

ಆಮೇಲೆ ಚಪ್ಪರವೆಲ್ಲ ನಗುವೋ ನಗು. ವಾಲಗದವರು ಯಾರೂ ಹೇಳದೆ ಊದಲು ಶುರು ಮಾಡಿದರು. ಅವ್ವ ಅಳುತ್ತಾ ನಗುತ್ತಾ ಒಳಗೆ ಓಡಿ ಹಂಡೆಗಟ್ಟಲೆ ಮಜ್ಜಿಗೆಗೆ ಶುಂಠಿ ಇಂಗು ಕುಟ್ಟಿ ಹಾಕಿ ಬೀಗರಿಗೆಲ್ಲ ಕುಡಿಸಿದಳು. ಸೋದರತ್ತೆ ನನ್ನ ಗಲ್ಲಕ್ಕೆ ಅರಿಶಿನ ಬಳಿಯುತ್ತಾ, “ಬಾಯಿ ಜೋರೈತವ್ವ ನಿಂದು, ನಮ್ಮನಿಗೆ ಬೇಕಾಗಿತ್ತು” ಎಂದಳು. ಹೊಗಳಿದಳೋ ಬೈದಳೋ ನನಗೆ ಇವತ್ತಿಗೂ ಗೊತ್ತಾಗಿಲ್ಲ. ಮರುದಿನ ತಾಳಿ ಕಟ್ಟಿದ ಮೇಲೆ ಅವರ ಕಡೆಯವರು ಉಂಡ ರಭಸಕ್ಕೆ ಹೋಳಿಗೆ ಸಾಲದೆ ನಮ್ಮವರು ಬರೀ ಅನ್ನ ಸಾರು ಉಂಡರು.

ಗಂಡನ ಮನೆಗೆ ಹೊರಟ ದಿನ ಅದೇ ಲಾರಿ ಬಾಗಿಲಿಗೆ ಬಂತು. ಹೆಂಗಸರು ಮಡಿಲು ತುಂಬಿದರು, ಅವ್ವ ಕುತ್ತಿಗೆಗೆ ಬಿದ್ದು ಅತ್ತಳು. ನಾನು ಅಳಲಿಲ್ಲ, ಅಪ್ಪನ ಮೇಲಿನ ಸಿಟ್ಟು ಇನ್ನೂ ಪೂರ್ತಿ ಇಳಿದಿರಲಿಲ್ಲ. ಅಪ್ಪ ಲಾರಿಯ ಹಿಂದೆ ನಿಂತು ನನ್ನ ಟ್ರಂಕಿಗೆ ಹಗ್ಗ ಬಿಗಿಯುತ್ತಿದ್ದ. ಎಳೆದು ನೋಡುವುದು, ಬಿಚ್ಚುವುದು, ಮತ್ತೆ ಕಟ್ಟುವುದು. ಹತ್ತಿರ ಹೋಗಿ ಕೇಳಿಯೇಬಿಟ್ಟೆ.

“ನಿಜವಾಗ್ಲೂ ಕೊಟ್ಬಿಡ್ತಿದ್ಯಾ?”

“ಏನನ್ನ?”

“ಲಾರಿನ.”

ಅವನು ಹಗ್ಗದಿಂದ ಕಣ್ಣು ತೆಗೆಯಲಿಲ್ಲ. “ಕೊಡೋದೇನು ಬಂತವ್ವ, ಕೊಟ್ಟೇ ಆಗಿತ್ತಲ್ಲ. ನೀನು ಕೂಗಿದ್ದಕ್ಕೆ ನಮ್ಮತ್ರ ಉಳೀತು” ಎಂದ. ಆಮೇಲೆ ಮೂಗು ಒರೆಸಿಕೊಂಡು, “ಹತ್ತು, ಹೊತ್ತಾತು” ಎಂದು ನನ್ನ ಕೈ ಹಿಡಿದು ಮೇಲೆ ಹತ್ತಿಸಿದ.

ದಾವಣಗೆರೆ ಬರುವ ತನಕ ನನ್ನ ಅಳು ನಿಲ್ಲಲಿಲ್ಲ. ತವರು ಬಿಟ್ಟ ದುಃಖ ಎಂದು ಅವರೆಲ್ಲ ಬೆನ್ನು ಸವರಿದರು. ಅಷ್ಟು ವರ್ಷ ಒಂದು ಲಾರಿಯ ಮೇಲೆ ಹೊಟ್ಟೆಕಿಚ್ಚು ಪಟ್ಟಿದ್ದೆ ಎಂದು ಅವರಿಗೆ ಹೇಗೆ ಹೇಳಲಿ?